ಅಕ್ಕನ ಹೆಸರಿನ ಚೀಲದಲ್ಲಿ ನನ್ನ ಉಸಿರು

ಕಟ್ಟಿಗೆ ಒಲೆಯ ಊಟದ ರುಚಿಯೇ ಬೇರೆ ಎಂದು ಕಣ್ಣು ಮುಚ್ಚಿ ಚಪ್ಪರಿಸುವವರನ್ನು ಕಂಡರೆ ನನಗೆ ಈಗ ಹೇಸಿಗೆಯಾಗುತ್ತದೆ. ಅವರಲ್ಲಿ ಒಬ್ಬರೂ ಒಲೆಯ ಮುಂದೆ ಅರ್ಧ ಗಂಟೆ ಕುಳಿತವರಲ್ಲ. ನಾನೂ ಕುಳಿತವನಲ್ಲ. ಆದರೆ ಆ ಮಾತನ್ನು ಹೆದ್ದಾರಿಯ ಬದಿಯಲ್ಲಿ ಹಳದಿ ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿ ನಿಲ್ಲಿಸಿದವನು ನಾನು. ಆದ್ದರಿಂದ ಹೇಸಿಗೆಯಲ್ಲಿ ದೊಡ್ಡ ಪಾಲು ನನಗೇ ಸೇರಬೇಕು.

ಉದ್ಯಾವರದಲ್ಲಿ ನನ್ನದೊಂದು ಊಟದ ಹೋಟೆಲು ಇತ್ತು. ಎದುರಿನ ಕೋಣೆಯಲ್ಲಿ ಮೇಜು, ಬೆಂಚು, ಗಲ್ಲಾ, ಗಲ್ಲಾದ ಮೇಲೊಂದು ಫ್ಯಾನು. ಫ್ಯಾನಿನ ಕೆಳಗೆ ನಾನು. ಹಿಂದೆ ಶೀಟಿನ ಮಾಡಿನ ಅಡುಗೆಕೋಣೆ. ಅಲ್ಲಿ ಕೆಂಪುಕಲ್ಲಿನ ಮೂರು ಒಲೆ, ಮಣ್ಣಿನ ಚಟ್ಟಿಗಳು, ಒಂದು ಮೂಲೆಯಲ್ಲಿ ತೆಂಗಿನ ಒಣಗಿದ ಮಡಲು, ಸಿಪ್ಪೆ, ಗೆರಟೆ. ಅವುಗಳ ನಡುವೆ ನನ್ನ ಅಕ್ಕ. ಬೂತಾಯಿ ಮೀನಿನ ಸಾರು, ಹುಳಿಖಾರದ ಬಂಗುಡೆ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ, ಎಲ್ಲವೂ ಅವಳ ಕೈಯದ್ದು. ಹೊಗಳಿಕೆ ಮಾತ್ರ ಗಲ್ಲಾದ ಹತ್ತಿರ ಬಂದು ನಿಲ್ಲುತ್ತಿತ್ತು. ನಾನು ಅದನ್ನು ತಲೆಯಾಡಿಸಿ ಪಡೆದುಕೊಳ್ಳುತ್ತಿದ್ದೆ.

ಅಕ್ಕನನ್ನು ಪೆರ್ಡೂರಿಗೆ ಕೊಟ್ಟಿದ್ದೆವು. ಭಾವ ಬೇಗ ತೀರಿಕೊಂಡರು, ಮಕ್ಕಳಿರಲಿಲ್ಲ, ಅವಳು ತಿರುಗಿ ಬಂದಳು. ಅಳಿಯಕಟ್ಟಿನ ನಮ್ಮವರಲ್ಲಿ ತಾಯಿಯ ಮನೆ ಎಂದರೆ ಹೆಣ್ಣುಮಕ್ಕಳದ್ದು, ಅಣ್ಣತಮ್ಮಂದಿರು ಅದನ್ನು ನೋಡಿಕೊಳ್ಳುವವರು ಮಾತ್ರ. ಅಕ್ಕನನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ ಎಂದು ಊರಿಡೀ ಹೇಳಿಕೊಂಡು ತಿರುಗಿದೆ. ನೋಡಿಕೊಂಡ ಬಗೆ ಏನೆಂದರೆ, ಅವಳನ್ನು ಒಲೆಯ ಮುಂದೆ ಕೂರಿಸಿದ್ದು. ಹೋಟೆಲು ತೆರೆದ ಮೊದಲ ವಾರ ಅಡುಗೆಕೋಣೆಯಲ್ಲಿ ನನ್ನ ಹೆಂಡತಿ ಇದ್ದಳು. ಹೊಗೆ ನನಗೆ ಆಗುವುದಿಲ್ಲ ಎಂದಳು. ಒಂದೇ ಮಾತಿಗೆ ನಂಬಿದೆ. ಅಕ್ಕ ಹಾಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಹೋಟೆಲಿಗೆ ಹೆಸರು ಬಂದದ್ದು ಮೊಬೈಲಿನಿಂದ. ಮಣಿಪಾಲದಿಂದ ಓದುವ ಮಕ್ಕಳು, ಗಲ್ಫಿನಿಂದ ರಜೆಯಲ್ಲಿ ಬಂದವರು, ಕಾಪು ಬೀಚಿಗೆ ಹೊರಟ ಘಟ್ಟದ ಮೇಲಿನವರು ಗೂಗಲ್ ನೋಡಿಕೊಂಡು ಬರತೊಡಗಿದರು. ಒಂದು ದಿನ ಊಟದ ವಿಡಿಯೋ ಮಾಡುವ ಇಬ್ಬರು ಬಂದರು. ಒಬ್ಬ ಕ್ಯಾಮರಾ ಹಿಡಿದಿದ್ದ, ಇನ್ನೊಬ್ಬ ಮಾತನಾಡುತ್ತಿದ್ದ. ನೇರವಾಗಿ ಅಡುಗೆಕೋಣೆಗೆ ನುಗ್ಗಿದರು. ಅಕ್ಕ ಊದುಗೊಳವೆಯಿಂದ ಬೆಂಕಿ ಊದುತ್ತಿದ್ದಳು. ಹೊಗೆಗೆ ಕಣ್ಣು ಕೆಂಪಾಗಿತ್ತು.

"ಅಮ್ಮಾ, ಇನ್ನೊಂದ್ಸಲ ಊದಿ," ಎಂದ ಕ್ಯಾಮರಾದವನು. ಊದಿದಳು. ಬೆಳಕು ಸರಿ ಇಲ್ಲವೆಂದು ಮತ್ತೊಮ್ಮೆ ಊದಿಸಿದ. ಹೊಗೆ ಚೆನ್ನಾಗಿ ಏಳಲಿಲ್ಲವೆಂದು ಹಸಿ ಮಡಲು ಹಾಕಿಸಿ ಇನ್ನೊಮ್ಮೆ ಊದಿಸಿದ. ಅಕ್ಕ ಕೆಮ್ಮತೊಡಗಿದಳು. ಕೆಮ್ಮು ನಿಲ್ಲುವ ತನಕ ಕಾದು, ಬಾಯಿಯ ಸೆರಗು ತೆಗೆಯಲು ಹೇಳಿ, ಮತ್ತೆ ಊದಿಸಿದ. ನಾನು ಬಾಗಿಲಲ್ಲಿ ನಿಂತು, ಕ್ಯಾಮರಾ ನನ್ನ ಕಡೆಗೆ ತಿರುಗಬಹುದೆಂದು ಅಂಗಿಯ ಕಾಲರು ಸರಿ ಮಾಡಿಕೊಳ್ಳುತ್ತಿದ್ದೆ. ವಿಡಿಯೋದಲ್ಲಿ ಕೆಮ್ಮು ಇರಲಿಲ್ಲ. ಹಿನ್ನೆಲೆಗೆ ಕೊಳಲು ಸೇರಿಸಿದ್ದರು. ಅಜ್ಜಿಯ ಕೈರುಚಿ ಎಂದು ಬರೆದಿದ್ದರು. ಅದನ್ನು ನೋಡಿ ಇನ್ನಷ್ಟು ಜನ ಬಂದರು, ಹೊಟ್ಟೆ ತುಂಬ ತಿಂದರು, ಬೆರಳು ನೆಕ್ಕಿದರು, ಹಿಂದೆ ಕೆಮ್ಮುವ ಸದ್ದು ಕೇಳಿದರೆ ಮುಖ ಸಿಂಡರಿಸಿದರು. ಅವರು ಎಂಥ ಜನ ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಆ ಸಿಂಡರಿಸಿದ ಮುಖ ನೋಡಿ ನಾನು ಮಾಡಿದ್ದೇನು? ಎದ್ದು ಹೋಗಿ, ನಡುವಿನ ಬಾಗಿಲು ಹಾಕಿ ಬಂದೆ.

ಅವಳ ಕೆಮ್ಮು ಶುರುವಾಗಿ ಎಷ್ಟು ಕಾಲವಾಗಿತ್ತೋ ನನಗೆ ತಿಳಿಯದು. ಲೆಕ್ಕ ಇಡುವಷ್ಟು ಗಮನ ಯಾರಿಗಿತ್ತು? ಬೆಳಿಗ್ಗೆ ಕಫ ಬರುತ್ತಿತ್ತು. ಬಾವಿಯಿಂದ ಕೊಡ ತರುವಾಗ ನಡುವೆ ಒಮ್ಮೆ ನಿಲ್ಲುತ್ತಿದ್ದಳು. ಆಮೇಲೆ ಕೊಡ ಇಲ್ಲದೆಯೂ ನಿಲ್ಲತೊಡಗಿದಳು. ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದಳು. ಪ್ರಾಯ ಎಂದೆ, ಹವೆ ಎಂದೆ, ಕಾಳುಮೆಣಸಿನ ಕಷಾಯ ಕುಡಿ ಎಂದೆ. ಕಷಾಯವನ್ನೂ ಅವಳೇ ಅದೇ ಒಲೆ ಊದಿ ಕಾಯಿಸಬೇಕಿತ್ತು.

ಹಾಗಿರುವಾಗ ನಮ್ಮ ಕಡೆಯ ಆಶಾ ಕಾರ್ಯಕರ್ತೆ ಒಂದು ದಿನ ಗಲ್ಲಾದ ಹತ್ತಿರ ಬಂದು ನಿಂತರು. ಕಾಪುವಿನ ಒಂದು ಸಭಾಭವನದಲ್ಲಿ ಆರೋಗ್ಯ ಶಿಬಿರ ಉಂಟು, ಉಸಿರನ್ನು ಪರೀಕ್ಷೆ ಮಾಡುವವರು ಬರುತ್ತಾರೆ ಎಂದರು.

"ಒಲೆಯ ಹೊಗೆಯಲ್ಲಿ ಕೆಲಸ ಮಾಡುವ ಹೆಂಗಸರೇ ಬೇಕಂತೆ ಅವರಿಗೆ. ನಿಮ್ಮ ಅಕ್ಕನನ್ನು ಒಮ್ಮೆ ಕರ್ಕೊಂಡು ಬನ್ನಿ ಅಣ್ಣ."

"ಉಸಿರಿನಲ್ಲಿ ಎಂತ ಉಂಟು ನೋಡ್ಲಿಕ್ಕೆ? ಗಾಳಿ ಅಲ್ವಾ?" ಎಂದೆ. ಊಟ ಮಾಡುತ್ತಿದ್ದ ಇಬ್ಬರು ನಕ್ಕರು. ನಗಿಸಿದೆನೆಂದು ನನಗೂ ಖುಷಿಯಾಯಿತು.

ಆಕೆ ನಗಲಿಲ್ಲ. "ನಿಮಗೆ ಗಾಳಿ. ಅವರಿಗೆ ಅದು ಬೇಕಾದದ್ದು," ಎಂದು ಹೇಳಿ, ಸೀದಾ ಹಿಂದೆ ಹೋಗಿ ಅಕ್ಕನಿಗೇ ವಿಷಯ ತಿಳಿಸಿದರು. ಅಕ್ಕ ಏನನ್ನೂ ಕೇಳಿದವಳಲ್ಲ. ಅಂದು ಸಂಜೆ ಮಾತ್ರ, ಒಮ್ಮೆ ಹೋಗಿ ಬರುವ ಎಂದಳು. ಬೇಡ ಎನ್ನಲು ಕಾರಣ ಸಿಗಲಿಲ್ಲ. ಅವಳಿಗೆ ಕನ್ನಡ ಅಲ್ಪಸ್ವಲ್ಪ ಅರ್ಥವಾದರೂ ಮಾತನಾಡಲು ಬಾರದು, ತುಳು ಮಾತ್ರ. ಆದ್ದರಿಂದ ಜೊತೆಗೆ ನಾನೇ ಹೋಗಬೇಕಾಯಿತು. ಹೋಗುವ ದಿನವೂ ಬೆಳಿಗ್ಗೆ ಅವಳಿಂದ ಸಾರು, ಅನ್ನ ಎಲ್ಲ ಮಾಡಿಸಿಯೇ ರಿಕ್ಷಾ ಹತ್ತಿಸಿದೆ.

ಶಿಬಿರ ಎಂದರೆ ಮೊದಲು ವೇದಿಕೆ. ಯುವಕ ಮಂಡಲದ ಅಧ್ಯಕ್ಷ, ಉಪಾಧ್ಯಕ್ಷ, ಮಾಜಿ ಅಧ್ಯಕ್ಷ, ಎಲ್ಲರಿಗೂ ಶಾಲು. ಆರೋಗ್ಯವೇ ಭಾಗ್ಯ ಎಂಬುದರ ಮೇಲೆ ಹೊಟ್ಟೆ ಮುಂದೆ ಮಾಡಿಕೊಂಡು ಒಬ್ಬೊಬ್ಬರೂ ಮಾತನಾಡಿದರು. ಕಾಯಿಲೆಯವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾದರು. ಉಚಿತ ಕನ್ನಡಕಕ್ಕೆ ನೂಕುನುಗ್ಗಲು, ಉಸಿರಿನ ಮೇಜಿನ ಮುಂದೆ ಯಾರೂ ಇಲ್ಲ. ಅಲ್ಲಿ ಒಬ್ಬಳು ಹುಡುಗಿ ಕುಳಿತಿದ್ದಳು, ಮಣಿಪಾಲದ ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುವವಳು. ಮೈಸೂರು ಕಡೆಯ ಮಾತು. ನಮ್ಮನ್ನು ಕಂಡು ಅವಳ ಮುಖ ಅರಳಿತು.

ನಾನು ಅಲ್ಲಿಯೂ ಗಾಳಿಯ ಮಾತು ತೆಗೆದೆ. ಅವಳು ಬೇಸರ ಮಾಡಿಕೊಳ್ಳದೆ ವಿವರಿಸಿದಳು. ನಾವು ಹೊರಗೆ ಬಿಡುವ ಉಸಿರಿನಲ್ಲಿ ಬರೀ ಗಾಳಿ ಇರುವುದಿಲ್ಲವಂತೆ. ಮೈಯೊಳಗೆ ನಡೆಯುವುದರ ಸುಳಿವು ಕಣ್ಣಿಗೆ ಕಾಣದ ಆವಿಯಾಗಿ ಅದರಲ್ಲಿ ಬೆರೆತು ಬರುತ್ತದಂತೆ. ಶ್ವಾಸಕೋಶ ಕೆಟ್ಟವರ ಉಸಿರಿನಲ್ಲಿ ಅದು ಒಂದು ಬಗೆ, ಸರಿ ಇರುವವರಲ್ಲಿ ಇನ್ನೊಂದು ಬಗೆ. ಒಂದು ಚೀಲದಲ್ಲಿ ಹಿಡಿದುಕೊಂಡು ಹೋಗಿ ಯಂತ್ರಕ್ಕೆ ಕೊಟ್ಟರೆ ವ್ಯತ್ಯಾಸ ಕಾಣುತ್ತದೆಯೇ ಎಂದು ಅವರು ಹುಡುಕುತ್ತಿದ್ದರು. ಸೂಜಿ ಇಲ್ಲ, ರಕ್ತ ಇಲ್ಲ. ಇದು ಇನ್ನೂ ಕಲಿಯುವ ಹಂತ, ಇದೊಂದರಿಂದಲೇ ಏನನ್ನೂ ಖಚಿತವಾಗಿ ಹೇಳುವುದಿಲ್ಲ, ಅನುಮಾನ ಬಂದರೆ ಆಸ್ಪತ್ರೆಗೆ ಕರೆದು ಸರಿಯಾದ ಪರೀಕ್ಷೆ ಮಾಡಿಸುತ್ತೇವೆ ಎಂದೂ ಹೇಳಿದಳು. ನಾನು ಹತ್ತನೆಯ ತರಗತಿ ಪಾಸಾದವನು. ಅವಳು ಹೇಳಿದ್ದು ನನಗೆ ಅರ್ಥವಾಗದೆ ಹೋಗಲಿಲ್ಲ. ಚೆನ್ನಾಗಿ ಅರ್ಥವಾಯಿತು. ಅದೇ ತೊಂದರೆಯಾಯಿತು.

ಪ್ರಶ್ನೆಗಳು ಶುರುವಾದವು. ಪ್ರಶ್ನೆ ಕನ್ನಡದಲ್ಲಿ, ಅಕ್ಕನ ಉತ್ತರ ತುಳುವಿನಲ್ಲಿ, ನಡುವೆ ನಾನು. ಕಫ ಬರುತ್ತದೆಯೇ ಎಂದಳು. ಬೆಳಿಗ್ಗೆ ಬಾಯಿ ತುಂಬ ಬರುತ್ತದೆ ಎಂದಳು ಅಕ್ಕ. ಕೆಲವೊಮ್ಮೆ ಶೀತವಾದಾಗ ಎಂದೆ ನಾನು. ನಡೆಯುವಾಗ ಉಸಿರು ಕಟ್ಟುತ್ತದೆಯೇ ಎಂದಳು. ಅಂಗಳ ದಾಟಲು ಆಗುವುದಿಲ್ಲ ಎಂದಳು ಅಕ್ಕ. ಗುಡ್ಡ ಹತ್ತಿದರೆ ಸ್ವಲ್ಪ ಎಂದೆ. ನಿನ್ನೆಯಿಂದ ಹೊಗೆಯ ಹತ್ತಿರ ಹೋಗಿಲ್ಲ ತಾನೇ ಎಂದು ಕೇಳಿದಾಗ ಅಕ್ಕನನ್ನು ಕೇಳುವ ಶಾಸ್ತ್ರವನ್ನೂ ಮಾಡಲಿಲ್ಲ, ಇಲ್ಲ ಎಂದುಬಿಟ್ಟೆ. ಅಕ್ಕ ನನ್ನ ಮುಖ ನೋಡಿದಳು. ಕನ್ನಡ ಬಲ್ಲ ತಮ್ಮ ಏನೋ ಕಾರಣವಿದ್ದು ಹಾಗೆ ಹೇಳಿರಬೇಕು ಎಂದುಕೊಂಡಿರಬೇಕು.

ಕಾರಣ ಇತ್ತು. ಕ್ರಿಸ್‌ಮಸ್ ರಜೆ ಹತ್ತಿರ ಬಂದಿತ್ತು, ಕಾಪುವಿಗೆ ಜನ ಬರುವ ಸಮಯ. ಇವಳ ಶ್ವಾಸಕೋಶ ಕೆಟ್ಟಿದೆ, ಒಲೆಯ ಹತ್ತಿರ ಬಿಡಬೇಡಿ ಎಂದು ಇವರು ಹೇಳಿದರೆ ನನ್ನ ಹಳದಿ ಬೋರ್ಡಿನ ಗತಿ ಏನು? ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಬೇರೆ ಯಾವ ಗಹನವಾದ ಯೋಚನೆಯೂ ಇರಲಿಲ್ಲ. ಇದ್ದಿದ್ದರೆ ಬರೆಯುತ್ತಿದ್ದೆ.

ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಕುಳಿತು, ಒಂದೇ ದೀರ್ಘ ಉಸಿರಿನಲ್ಲಿ ಊದಬೇಕಿತ್ತು. "ನಿಧಾನಕ್ಕೆ ಊದಿ ಅಮ್ಮ, ಆತುರ ಇಲ್ಲ," ಎಂದಳು ಹುಡುಗಿ. ಅಕ್ಕನಿಗೆ ಗೊತ್ತಿದ್ದದ್ದು ಒಲೆ ಊದುವ ಬಗೆ. ಊದುಗೊಳವೆಗೆ ಫೂ ಎಂದು ಒಂದು, ನಿಂತು ಇನ್ನೊಂದು. ಉದ್ದಕ್ಕೆ ಊದಲು ಹೋದಾಗ ಅರ್ಧಕ್ಕೇ ಕೆಮ್ಮು ಬಂತು. ಸುತ್ತಲಿನವರು ತಿರುಗಿ ನೋಡಿದರು. ಅವಳು ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹುಡುಗಿ ನಮ್ಮನ್ನು ಹಿಂದಿನ ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿ, ಹೊಸ ಚೀಲ ಕೊಟ್ಟಳು. ಅಷ್ಟರಲ್ಲಿ ಯುವಕ ಮಂಡಲದ ಅಧ್ಯಕ್ಷನಿಗೆ ಅವಳ ಜೊತೆ ಫೋಟೋ ಬೇಕಾಯಿತು. ಶಾಲು ಹಿಡಿದು ಬಂದೇಬಿಟ್ಟ, ಪತ್ರಿಕೆಯವರು ಕಾಯುತ್ತಿದ್ದಾರೆ ಎಂದು ಅವಸರ ಮಾಡಿದ. ಅವಳು ಒಲ್ಲದ ಮನಸ್ಸಿನಿಂದ ಎದ್ದಳು. ಊದಿ ಮುಗಿದ ಕೂಡಲೇ ಈ ಕ್ಲಿಪ್ಪು ಹಾಕಿಡಿ, ಎರಡು ನಿಮಿಷದಲ್ಲಿ ಬಂದೆ ಎಂದು ನನಗೆ ಹೇಳಿ ಹೋದಳು.

ಅಕ್ಕ ಮತ್ತೆ ಊದಿದಳು. ಚೀಲದ ತಳ ಮಾತ್ರ ಸ್ವಲ್ಪ ಉಬ್ಬಿತು. ಕೆಮ್ಮು ಹತ್ತಿಕೊಂಡಿತು. ಚೀಲವನ್ನು ನನ್ನ ಕೈಗಿಟ್ಟು, ಕಫ ಉಗುಳಿ ಬಾಯಿ ತೊಳೆಯಲು ಅಂಗಳದ ನಳ್ಳಿಯ ಹತ್ತಿರ ಹೋದಳು. ಅವಳು ಬೆನ್ನು ಹಾಕಿ ನಿಂತಿದ್ದಾಗ ನಾನು ಚೀಲವನ್ನು ಒತ್ತಿ ಅವಳ ಉಸಿರನ್ನು ಹೊರಗೆ ಬಿಟ್ಟೆ. ಆಮೇಲೆ ಬಾಯಿಗೆ ಹಿಡಿದು ಊದಿದೆ. ಫ್ಯಾನಿನ ಕೆಳಗೆ ಕುಳಿತು ಬೆಳೆಸಿದ ಶ್ವಾಸಕೋಶ ನನ್ನದು, ಬೀಡಿ ಸಿಗರೇಟು ಮುಟ್ಟದ್ದು. ಒಂದೇ ಉಸಿರಿಗೆ ಚೀಲ ಬಿಗಿಯಾಗಿ ತುಂಬಿತು. ಕ್ಲಿಪ್ಪು ಹಾಕಿದೆ. ಅದರ ಮೇಲೆ ಅಕ್ಕನ ಹೆಸರಿನ ಚೀಟಿ ಇತ್ತು.

ಹುಡುಗಿ ಬಂದು ನೋಡಿ, "ಎಷ್ಟು ಚೆನ್ನಾಗಿ ಊದಿದ್ದೀರಮ್ಮ!" ಎಂದಳು. ಅಕ್ಕ ತನ್ನನ್ನು ಹೊಗಳಿದ್ದೆಂದು ತಿಳಿದು ನಕ್ಕಳು. ಎಷ್ಟು ತುಂಬಬೇಕು ಎಂಬುದು ಅವಳಿಗೇನು ಗೊತ್ತು?

ಕೆಲವು ವಾರ ಕಳೆದು ಫೋನು ಬಂತು. ಅಕ್ಕನಿಗೆ ಫೋನಿಲ್ಲದ್ದರಿಂದ ನನ್ನ ನಂಬರು ಕೊಟ್ಟಿದ್ದೆ. ಅದೇ ಹುಡುಗಿ. ಉಸಿರಿನಲ್ಲಿ ಕಾಯಿಲೆಯ ಗುರುತು ಕಾಣಲಿಲ್ಲ ಎಂದಳು. ಆದರೆ ಅಮ್ಮ ಕೆಮ್ಮುತ್ತಿದ್ದದ್ದನ್ನು ನಾನೇ ನೋಡಿದ್ದೇನೆ, ಆದ್ದರಿಂದ ಒಮ್ಮೆ ಕರೆದುಕೊಂಡು ಬನ್ನಿ, ಊದುವ ಇನ್ನೊಂದು ಪರೀಕ್ಷೆ ಮಾಡಿಸೋಣ ಎಂದಳು. ಆಗಲಿ ಎಂದೆ. ಒಳಗೆ ಹೋಗಿ ಅಕ್ಕನಿಗೆ ಮೊದಲರ್ಧ ಮಾತ್ರ ಹೇಳಿದೆ.

ಮನುಷ್ಯ ತಾನು ಹೇಳಿದ ಸುಳ್ಳನ್ನು ತಾನೇ ನಂಬುವಷ್ಟು ಮೂರ್ಖನಾಗುತ್ತಾನೆಯೇ ಎಂದು ಕೇಳಿದರೆ, ಆಗುತ್ತಾನೆ. ಕೆಲವೇ ದಿನಗಳಲ್ಲಿ ಆ ಯಂತ್ರದ ಮಾತು ನನಗೆ ವೇದವಾಯಿತು. ಗಾಳಿ ಎಂದು ನಕ್ಕವನೇ ವಿಜ್ಞಾನವನ್ನು ಎತ್ತಿ ಹಿಡಿದೆ. ಅಕ್ಕ ಕೆಮ್ಮಿದರೆ, ಮೆಷಿನ್ ಎಂತ ಹೇಳಿದೆ ಗೊತ್ತುಂಟಲ್ಲ ಎನ್ನುತ್ತಿದ್ದೆ. ಸಾರು ತಡವಾದರೆ ಅದೇ ಮಾತು. ನೆಂಟರ ಮನೆಗಳಲ್ಲಿ, ಗಲ್ಲಾದ ಮುಂದೆ, ಇವಳದ್ದು ಕಾಯಿಲೆಯಲ್ಲ, ಅಭ್ಯಾಸ, ಪ್ರಾಯವಾದ ಮೇಲೆ ಎಲ್ಲರೂ ತನ್ನನ್ನೇ ನೋಡಬೇಕು ಎನಿಸುತ್ತದಲ್ಲ ಎಂದು ಹೇಳಿ ನಗಿಸಿದೆ. ನಗುವವರಿಗೇನು ಬರಗಾಲ? ಕಾರ್ಕಳದಲ್ಲಿರುವ ನಮ್ಮ ತಂಗಿ ಒಮ್ಮೆ ಬಂದವಳು, ಅಕ್ಕನ ಮುಖ ಬಾಡಿದೆ, ನನ್ನ ಜೊತೆ ಕಳಿಸು ಎಂದಳು. ಅವಳಿಗೂ ಯಂತ್ರದ ಮಾತು ಹೇಳಿ ಕಳಿಸಿದೆ.

ಎಲ್ಲಕ್ಕಿಂತ ಕೀಳಾದದ್ದು ಇದು: ಅಕ್ಕ ನಂಬಿದಳು. ಕೆಮ್ಮು ಬಂದರೆ ತಪ್ಪು ಮಾಡಿದವಳಂತೆ ಹಿತ್ತಿಲಿಗೆ ಹೋಗಿ ಕೆಮ್ಮಿ ಬರತೊಡಗಿದಳು. ಕೆಲಸದ ನಡುವೆ ಕುಳಿತುಕೊಂಡಿದ್ದಾಗ ನಾನು ಬಂದರೆ ತಟ್ಟನೆ ಏಳುತ್ತಿದ್ದಳು. ಮೀನು ತರುವ ಹೆಂಗಸು ಒಂದು ದಿನ, ಎಂತ ಇದು, ಡಾಕ್ಟ್ರಿಗೆ ತೋರಿಸ್ಲಿಲ್ವಾ ಎಂದು ಕೇಳಿದಾಗ ಅಕ್ಕ ಹೇಳಿದ್ದನ್ನು ನಾನು ಬಾಗಿಲಿನ ಈಚೆಯಿಂದ ಕೇಳಿದೆ.

"ತೋರಿಸಿ ಆಗಿದೆ. ನನಗೆ ಎಂತದೂ ಇಲ್ಲಂತೆ. ನಾನೇ ಸುಮ್ಮನೆ ಕೆಮ್ಮುವುದು."

ಅದನ್ನು ಕೇಳಿಯೂ ನಾನು ಗಲ್ಲಾಕ್ಕೆ ಹೋಗಿ ಕುಳಿತೆ.

ಮುಂದಿನ ಮಳೆಗಾಲ ಬಂತು. ಕಟ್ಟಿಗೆ ಒದ್ದೆ, ಮಡಲು ಒದ್ದೆ. ಗ್ಯಾಸ್ ಒಂದು ಇತ್ತು, ಚಹಾಕ್ಕೆ ಮಾತ್ರ. ಸಾರಿಗೆ ಅದನ್ನು ಬಳಸಿದರೆ ಬೋರ್ಡು ಸುಳ್ಳಾಗುತ್ತದೆ ಎಂದು ನಾನು ಬಿಡುತ್ತಿರಲಿಲ್ಲ. ನನ್ನ ಸತ್ಯನಿಷ್ಠೆ ಅಲ್ಲಿಗೆ ಮಾತ್ರ. ಒಂದು ಬೆಳಿಗ್ಗೆ ಹಿಂದಿನಿಂದ ಸದ್ದೇ ಇಲ್ಲ, ಕೆಮ್ಮು ಕೂಡ ಇಲ್ಲ. ಹೋಗಿ ನೋಡಿದರೆ ಹೊಗೆ ತುಂಬಿದೆ, ಅಕ್ಕ ಗೋಡೆಗೆ ಒರಗಿ, ಎರಡು ಕೈಯನ್ನೂ ನೆಲಕ್ಕೂರಿ, ಬಾಯಿ ತೆರೆದು ಕುಳಿತಿದ್ದಾಳೆ. ತುಟಿ ನೀಲಿಯಾಗಿತ್ತು. ಆ ಹೊತ್ತಿನಲ್ಲೂ ಅವಳು ನನ್ನನ್ನು ಕಂಡು ಏಳಲು ನೋಡಿದಳು.

ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂಗಿಗೆ ಆಮ್ಲಜನಕ, ಕೈಗೆ ಸೂಜಿ. ಮೊದಲು ಏನಾದರೂ ಪರೀಕ್ಷೆ ಮಾಡಿಸಿದ್ದೀರಾ ಎಂದು ಡಾಕ್ಟರು ಕೇಳಿದರು. ಉಸಿರಿನ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದಿದೆ ಎಂದೆ. ಬಾಯಿಪಾಠವಾಗಿದ್ದ ಮಾತು ತಾನಾಗಿ ಬಂತು. ಅಲ್ಲಿದ್ದ ನರ್ಸು ತುಳುವಿನವಳು. ಅಕ್ಕನ ಪಕ್ಕ ಕುಳಿತು, ಮನೆಯವರನ್ನು ಕೇಳುವಂತೆ ಒಂದೊಂದಾಗಿ ಕೇಳಿದಳು. ಅಕ್ಕ ಎರಡೆರಡು ಶಬ್ದಕ್ಕೆ ನಿಂತು ನಿಂತು ಹೇಳಿದಳು. ಕಫ, ಅಂಗಳ, ಬಾವಿ, ಒಲೆ. ಶಿಬಿರದ ದಿನ ಹೇಳಿದ್ದೂ ಅವೇ ಮಾತುಗಳು. ಈ ಬಾರಿ ನಡುವೆ ನಾನಿರಲಿಲ್ಲ. ಡಾಕ್ಟರು ಎಲ್ಲ ಕೇಳಿ, ಪರೀಕ್ಷೆಗಳನ್ನೂ ನೋಡಿ, ಸಿಒಪಿಡಿ ಎಂದರು. ಶ್ವಾಸನಾಳ ಕಿರಿದಾಗುವ ಕಾಯಿಲೆ, ಬೀಡಿ ಸೇದದವರಿಗೂ ಹೊಗೆಯಿಂದ ಬರುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು. ಬೇಗ ಬಂದಿದ್ದರೆ ಉಳಿಯುವುದು ಹೆಚ್ಚಿತ್ತು ಎಂದು ಸೇರಿಸಿದರು.

ಅಕ್ಕ ಸ್ವಲ್ಪ ಚೇತರಿಸಿದ ಮೇಲೆ ಆ ಸಂಶೋಧನೆಯ ಹುಡುಗಿ ವಾರ್ಡಿಗೆ ಬಂದಳು. ಡಾಕ್ಟರು ಅವಳಿಗೆ ತಿಳಿಸಿದ್ದರಂತೆ. ಅವಳ ಮುಖ ಸಣ್ಣಗಾಗಿತ್ತು. ಇಷ್ಟು ಮುಂದುವರಿದ ಕಾಯಿಲೆಯನ್ನು ಯಂತ್ರ ಹೇಗೆ ಗುರುತಿಸದೆ ಹೋಯಿತು, ಎಲ್ಲಿ ಎಡವಿದೆವು ಎಂದು ನಾವೆಲ್ಲ ಹುಡುಕುತ್ತಿದ್ದೇವೆ, ದಯವಿಟ್ಟು ಇನ್ನೊಮ್ಮೆ ಉಸಿರು ಕೊಡಿ ಎಂದು ಅಕ್ಕನ ಕೈ ಹಿಡಿದು ಕೇಳಿದಳು. ನಾನು ಮೋಸ ಮಾಡಿದ್ದು ಅಕ್ಕನಿಗೆ ಮಾತ್ರ ಎಂದುಕೊಂಡಿದ್ದೆ. ಈ ಹುಡುಗಿ ತನ್ನ ಕೆಲಸದ ಮೇಲೆಯೇ ನಂಬಿಕೆ ಕಳೆದುಕೊಂಡು ನಿಂತಿದ್ದಳು. ಅವಳು ಹೊರಗೆ ಹೋದಾಗ ಹಿಂದೆಯೇ ಹೋದೆ. ಕಾರಿಡಾರಿನಲ್ಲಿ ನಿಲ್ಲಿಸಿ, ಆ ಚೀಲ ಊದಿದ್ದು ನಾನು ಎಂದೆ.

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು. ಅರ್ಥವಾದಾಗ ಅವಳು ನನ್ನನ್ನು ನೋಡಿದ ನೋಟವನ್ನು ನಾನು ಬಲ್ಲೆ. ಮೇಜಿನ ಮೇಲೆ ಚೆಲ್ಲಿದ ಎಂಜಲನ್ನು ನೋಡುವ ನೋಟ.

"ಯಾಕೆ?" ಎಂದಳು.

"ಹೋಟೆಲಿಗೆ ಬೇರೆ ಜನ ಇರ್ಲಿಲ್ಲ."

"ನಾನು ಫೋನಿನಲ್ಲಿ ಕರ್ಕೊಂಡು ಬನ್ನಿ ಅಂದಿದ್ದೆ. ಅದನ್ನಾದರೂ ಅವರಿಗೆ ಹೇಳಿದ್ರಾ?"

ಇಲ್ಲ ಎಂದೆ. "ಒಳಗೆ ಹೋಗಿ ಅವರಿಗೆ ಹೇಳಿ. ನನಗೆ ಹೇಳಿದ್ದು ಸಾಕಾಗಲ್ಲ," ಎಂದು ಹೋಗಿಬಿಟ್ಟಳು.

ಒಳಗೆ ಹೋದೆ. ಹೇಳಲಿಲ್ಲ. ಅಕ್ಕ ನಿದ್ದೆ ಮಾಡುತ್ತಿದ್ದಾಳೆ ಎಂದುಕೊಂಡೆ, ಈಗ ಹೇಳಿದರೆ ಉಬ್ಬಸ ಹೆಚ್ಚಾದೀತು ಎಂದುಕೊಂಡೆ. ಹೇಡಿಗೆ ನೆಪಗಳು ಕೈಗೆಟಕುವಲ್ಲೇ ಇರುತ್ತವೆ. ಬಿಡುಗಡೆಯ ದಿನ ತಂಗಿ ಬಂದು, ಇನ್ನು ಅಕ್ಕ ನನ್ನ ಮನೆಗೆ ಎಂದಳು. ಅಕ್ಕ ನನ್ನನ್ನು ಕೇಳಲಿಲ್ಲ, ಕಾರು ಹತ್ತಿದಳು. ಹೊರಡುವ ಮೊದಲು, ಹೋಟೆಲು ಹೇಗೆ ಮಾಡ್ತಿ ಎಂದು ಚಿಂತೆ ಮಾಡಿದಳು. ಹೋಟೆಲು ಮುಚ್ಚಿದೆ. ಬೋರ್ಡನ್ನು ಗುಜರಿಯವನು ಒಯ್ದ. ಇದರಲ್ಲಿ ನನ್ನ ತ್ಯಾಗವೇನೂ ಇಲ್ಲ, ಅಡುಗೆ ಮಾಡುವವಳಿಲ್ಲದೆ ನಡೆಯುವ ಹಾಗಿರಲಿಲ್ಲ.

ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ, ಕುಶಲ ಕೇಳಿ, ಹಣ್ಣು ಕೊಟ್ಟು, ಹೇಳದೆ ಬರುತ್ತಿದ್ದೆ. ತಂಗಿಯ ಮನೆಯ ಜಗಲಿಯಲ್ಲಿ ಅಕ್ಕನಿಗೊಂದು ಕುರ್ಚಿ. ಬೆಳಿಗ್ಗೆ ಸಂಜೆ ಬಾಯಿಗೆ ಔಷಧಿಯ ಪಂಪು ಹೊಡೆದುಕೊಳ್ಳುತ್ತಾಳೆ. ತುಟಿ ಸೇರಿಸಿ ನಿಧಾನ ಉಸಿರು ಬಿಡಲು ಆಸ್ಪತ್ರೆಯವರು ಕಲಿಸಿದ್ದಾರೆ. ಅಂಗಳದ ತುಳಸಿಯ ತನಕ ಹೋಗಿ ಬರುತ್ತಾಳೆ. ಒಂದು ದಿನ ನಾನು ಹೋದಾಗ ಅವಳಿಗೆ ಕೆಮ್ಮು ಬಂತು. ನನ್ನನ್ನು ಕಂಡದ್ದೇ ಎದ್ದು, ಗೋಡೆ ಹಿಡಿದುಕೊಂಡು ಮನೆಯ ಹಿಂದಕ್ಕೆ ಹೋಗತೊಡಗಿದಳು. ಆಸ್ಪತ್ರೆ, ಔಷಧಿ ಎಲ್ಲ ಆದ ಮೇಲೂ ಅವಳು ನನ್ನ ಮುಂದೆ ಕೆಮ್ಮಲು ಹೆದರುತ್ತಿದ್ದಳು. ಅಲ್ಲಿಯೇ ಹೇಳಿದೆ. ತಂಗಿ ಬಾಗಿಲಲ್ಲಿ ನಿಂತಿದ್ದಳು. ಶಿಬಿರದ ಪ್ರಶ್ನೆಗಳಿಂದ ಹಿಡಿದು ಫೋನಿನ ಉಳಿದರ್ಧದ ತನಕ ಎಲ್ಲವನ್ನೂ ಹೇಳಿದೆ.

ಅಕ್ಕ ಗೋಡೆ ಹಿಡಿದೇ ಕೇಳಿದಳು. ಆಮೇಲೆ ಬಂದು ಕುರ್ಚಿಯಲ್ಲಿ ಕುಳಿತಳು. ಬೈಯುತ್ತಾಳೆ ಎಂದುಕೊಂಡೆ. ಅಳುತ್ತಾಳೆ ಎಂದುಕೊಂಡೆ. ಕಾಲಿಗೆ ಬೀಳಲು ಬಗ್ಗಿದರೆ ಕಾಲು ಹಿಂದಕ್ಕೆ ತೆಗೆದುಕೊಂಡಳು.

"ಹಾಗಾದರೆ ಆಗಲೇ ನನಗೆ ಕಾಯಿಲೆ ಇತ್ತು," ಎಂದಳು.

"ಇತ್ತು ಅಕ್ಕ."

"ನಾನು ಸೋಮಾರಿ ಅಂತ ಎಣಿಸಿದ್ದೆ ಮಾರಾಯ. ನನಗೆ ನನ್ನದೇ ನಾಚಿಕೆ ಆಗ್ತಿತ್ತು."

ಸ್ವಲ್ಪ ಹೊತ್ತು ಉಸಿರು ಸರಿಮಾಡಿಕೊಂಡಳು. ಮತ್ತೆ, ಈ ಮಾತನ್ನು ನನಗೆ ಮಾತ್ರ ಹೇಳಿದರೆ ಆಗುವುದಿಲ್ಲ, ನಾನು ನಾಟಕ ಮಾಡುವವಳು ಅಂತ ಯಾರಿಗೆಲ್ಲ ಹೇಳಿದ್ದೀಯೋ ಅವರಿಗೆಲ್ಲ ಹೇಳು ಎಂದಳು. ಆಮೇಲೆ ನನ್ನ ಕಡೆ ನೋಡದೆ ಕೆಮ್ಮಿದಳು, ಕುಳಿತಲ್ಲೇ, ಗಟ್ಟಿಯಾಗಿ, ಬೇಕಾದಷ್ಟು ಹೊತ್ತು.

ಹೇಳುತ್ತಾ ಹೋದೆ. ಮೀನಿನ ಹೆಂಗಸು ನನ್ನ ಕಾಲಬುಡದಲ್ಲಿ ಉಗಿದು ಬುಟ್ಟಿ ಎತ್ತಿಕೊಂಡು ಹೋದಳು. ಅವಳೊಬ್ಬಳೇ ಮರ್ಯಾದೆಯಿಂದ ನಡೆದುಕೊಂಡದ್ದು. ಉಳಿದವರು, ಹೋಗಲಿ ಬಿಡಿ, ಬೇಕೂಂತ ಮಾಡಿದ್ದಲ್ಲವಲ್ಲ ಎಂದರು. ಬೇಕೆಂದೇ ಮಾಡಿದ್ದು ಎಂದು ನಾನು ಆಗ ತಾನೇ ಹೇಳಿ ಮುಗಿಸಿರುತ್ತಿದ್ದೆ. ಕೆಲವರು ಹೆಗಲು ತಟ್ಟಿ, ಒಪ್ಪಿಕೊಂಡಿರಲ್ಲ, ಅದೇ ದೊಡ್ಡ ಗುಣ ಎಂದರು. ಅಂಥವರ ಕ್ಷಮೆ ಅಗ್ಗ, ಅವರ ಕೈಯಿಂದ ಕಳೆದುಹೋದದ್ದು ಏನೂ ಇಲ್ಲ.

ಇನ್ನಂಜೆಯಲ್ಲಿ ನಮ್ಮ ಕುಟುಂಬದ ಮನೆ. ವರ್ಷಕ್ಕೊಮ್ಮೆ ಹೊಸ ಅಕ್ಕಿ ಊಟಕ್ಕೆ ಎಲ್ಲರೂ ಸೇರುತ್ತೇವೆ. ಅಂದು ಹೊಸ ಬೆಳೆಯ ಅನ್ನ ಎಲೆಗೆ ಬಿದ್ದ ಮೇಲೆ ಯಾರೂ ಹಾಗೆಯೇ ಬಾಯಿಗಿಡುವಂತಿಲ್ಲ. ಪ್ರಾಯದಲ್ಲಿ ದೊಡ್ಡವರ ಕಡೆ ತಿರುಗಿ, ಹೊಸ ಅಕ್ಕಿ ಉಣ್ಣುತ್ತೇನೆ ಎಂದು ಹೇಳಬೇಕು. ಉಣ್ಣು ಎಂದು ಅವರು ಹೇಳಿದ ಮೇಲೆಯೇ ಮೊದಲ ತುತ್ತು. ಈ ವರ್ಷ ಬಂದವರಲ್ಲಿ ಎಲ್ಲರಿಗಿಂತ ದೊಡ್ಡವಳು ಅಕ್ಕ. ತಂಗಿ ಅವಳನ್ನು ಕಾರಿನಲ್ಲಿ ಕರೆತಂದು, ಚಾವಡಿಯ ಗೋಡೆಗೆ ಒರಗಿಸಿ ಕುರ್ಚಿಯಲ್ಲಿ ಕೂರಿಸಿದಳು. ಎರಡು ಸಾಲು ಎಲೆ. ಅಕ್ಕನ ಕೆಮ್ಮಿನ ಬಗ್ಗೆ ನಾನು ಹೇಳಿದ ಮಾತಿಗೆ ನಕ್ಕವರಲ್ಲಿ ಹೆಚ್ಚಿನವರು ಅಲ್ಲಿಯೇ ಕುಳಿತಿದ್ದರು, ಅವರಿಗೆ ನಾನಿನ್ನೂ ನಿಜ ಹೇಳಿರಲಿಲ್ಲ.

ಎಲ್ಲರಿಗಿಂತ ಮೊದಲು ನಾನು ತಿರುಗಿ, "ಅಕ್ಕ, ಹೊಸ ಅಕ್ಕಿ ಉಣ್ಣುತ್ತೇನೆ," ಎಂದೆ.

"ಹೇಳ್ಲಿಕ್ಕೆ ಇದ್ದದ್ದನ್ನು ಹೇಳು. ಮತ್ತೆ ಉಣ್ಣುವ," ಎಂದಳು.

ಎದ್ದು ನಿಂತೆ. ಹೇಳಿದೆ. ಮೆಲ್ಲಗೆ, ನನ್ನ ಎಲೆಯನ್ನೇ ನೋಡುತ್ತಾ. ನನ್ನ ಪಕ್ಕದವರು ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ಸರಿಸುತ್ತಿದ್ದರು. ನಾನು ಮುಗಿಸಿ ಕುಳಿತುಕೊಳ್ಳಲು ಹೊರಟಾಗ ಅಕ್ಕ ಕೈ ಎತ್ತಿದಳು.

"ಗಟ್ಟಿ ಹೇಳು. ಆ ಕೊನೆಯ ಎಲೆಯವರಿಗೆ ಕೇಳ್ಲಿಲ್ಲ."

ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಈ ಸಲ ಅಡುಗೆಮನೆಯಲ್ಲಿದ್ದವರೂ ಬಾಗಿಲಿಗೆ ಬಂದು ನಿಂತರು. ಯಾರೋ ಒಬ್ಬರು, ಸಾಕು ಬಿಡು, ಅನ್ನ ತಣಿಯುತ್ತದೆ ಎಂದರು. ಅಕ್ಕ ಅವರ ಕಡೆಗೆ ನೋಡಲಿಲ್ಲ. ನಾನು ಮುಗಿಸುವ ತನಕ ನನ್ನನ್ನೇ ನೋಡುತ್ತಿದ್ದಳು.

ಆಮೇಲೆ ಎರಡು ಸಾಲಿನವರೂ ಒಬ್ಬೊಬ್ಬರಾಗಿ ಅವಳ ಅಪ್ಪಣೆ ಕೇಳಿದರು. ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವಷ್ಟು ಉಸಿರು ಅವಳಲ್ಲಿ ಇರಲಿಲ್ಲ. ಎಲ್ಲರೂ ಕೇಳಿ ಮುಗಿಯುವುದನ್ನು ಕಾದು, ತುಟಿ ಸೇರಿಸಿ ಉಸಿರು ಬಿಟ್ಟು, "ಉಣ್ಣಿ," ಎಂದಳು, ಒಂದೇ ಸಲ, ಎಲ್ಲರಿಗೂ ಸೇರಿಸಿ. ಅದರಲ್ಲಿ ನಾನೂ ಸೇರಿದ್ದೇನೆಯೇ ಎಂದು ತಿಳಿಯಲಿಲ್ಲ. ಕೇಳಲು ಧೈರ್ಯವಾಗಲಿಲ್ಲ. ಎಡಬಲದವರು ಉಣ್ಣತೊಡಗಿದ ಮೇಲೆ ನಾನೂ ಎಲೆಗೆ ಕೈ ಹಾಕಿದೆ.